ಹಲ್ಲಿ ಬಿದ್ದಿತ್ತೋ ಇಲ್ಲವೋ

ಆನ್‌ಸೈಟ್ ಅಂತ ಡಲ್ಲಾಸಿನಲ್ಲಿ ಆರು ತಿಂಗಳಿದ್ದೆ. ಒಂದು ಭಾನುವಾರ ಟೀಮಿನ ಹಿರಿಯನೊಬ್ಬ ಊಟಕ್ಕೆ ಕರೆದಿದ್ದ. ಹೋದರೆ ಗ್ಯಾರೇಜಿನಿಂದ ಟಕ್ ಟಕ್ ಸದ್ದು. ಸುತ್ತಿಗೆಯಂಥದ್ದೊಂದರ ತಲೆಯೊಳಗೆ ಪಿಸ್ತೂಲಿನ ತೋಟಾ ಸಿಕ್ಕಿಸಿ, ಮರದ ದಿಮ್ಮಿಗೆ ಹೊಡೆದು, ಗುಂಡು, ಮದ್ದು, ಖೋಲು ಎಲ್ಲ ಬಿಡಿ ಮಾಡುತ್ತಿದ್ದ. ಹಿಂದಿನ ಸಂಜೆ ತಾನೇ ಕೂತು ತುಂಬಿದ 220 ತೋಟಾಗಳವು.

‘ಯಾಕೆ?’ ಅಂದೆ. ‘ನಿನ್ನ ಫೋನ್ ಬಂತಲ್ಲ’ ಅಂದ.

ಅವನಿಗೆ ಪಿಸ್ತೂಲ್ ಸ್ಪರ್ಧೆಯ ಹುಚ್ಚು. ಯುಎಸ್‌ಪಿಎಸ್‌ಎ ಅನ್ನೋ ಸಂಸ್ಥೆಯ ನಿಯಮದಲ್ಲಿ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ತೂಕ ಗ್ರೇನ್‌ಗಳಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ. ಬಂದ ಸಂಖ್ಯೆ 125 ಮುಟ್ಟಲೇಬೇಕು, ಇಲ್ಲದಿದ್ದರೆ ಅಂಕವೇ ಇಲ್ಲ. 147 ಗ್ರೇನಿನ ಗುಂಡು 890 ಅಡಿ ವೇಗದಲ್ಲಿ ಹೋದರೆ 130. ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ಮನೆ ಕೈ ಒದೆಯುತ್ತದೆ, ಮುಂದಿನ ಗುರಿ ತಡವಾಗುತ್ತದೆ. ಅಂಗಡಿಯ ತೋಟಾ ಇಷ್ಟು ಹದವಾಗಿ ಸಿಗಲ್ಲ ಅಂತ ತಾವೇ ತುಂಬಿಕೊಳ್ಳುತ್ತಾರೆ. ಸ್ವಂತಕ್ಕೆ ಮಾಡಿಕೊಳ್ಳಲು ಅಲ್ಲಿ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಇನ್ನೊಬ್ಬರು ತುಂಬಿದ ತೋಟಾ ಹಾರಿಸಬೇಡ ಅನ್ನೋದು ಅವರೊಳಗಿನ ಹಳೇ ಮಾತು.

ಅವನ ಪ್ರೆಸ್ಸಿನಲ್ಲಿ ಪ್ರತಿ ಸಲ ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ಫೋನ್ ಬಂದಾಗ ತಿರುಗಿಸಿದ್ದನೋ ಇಲ್ಲವೋ ನೆನಪಿಲ್ಲ. ತಿರುಗಿಸದೆ ಹಿಡಿಕೆ ಎಳೆದಿದ್ದರೆ ಒಂದೇ ಖೋಲಿಗೆ ಎರಡು ಸಲ ಮದ್ದು. ಒಂದು ತೋಟಾದ ಮದ್ದು ಹೆಚ್ಚೆಂದರೆ ಚಿಟಿಕೆಯಷ್ಟು, ಎರಡು ಸಲ ಬಿದ್ದರೂ ಹೊರಗೆ ಚೆಲ್ಲದೆ ಹಿಡಿಸಿಬಿಡಬಹುದು. ಗುಂಡು ಕೂರಿಸಿ ಮುಚ್ಚಿದ ಮೇಲೆ ಎಲ್ಲ ತೋಟಾದ ಮುಖವೂ ಒಂದೇ. ತೂಗಿ ನೋಡಬಹುದಲ್ಲ ಅಂದೆ. ಖೋಲುಗಳ ತೂಕದಲ್ಲೇ ಹೆಚ್ಚುಕಮ್ಮಿ ಇರುತ್ತೆ, ಅದರಲ್ಲಿ ಇದು ಮುಚ್ಚಿಹೋಗಬಹುದು ಅಂದ. ಫೋನ್ ಬಂದಾಗ ಎಷ್ಟನೆಯದರಲ್ಲಿದ್ದ ಅನ್ನೋದೂ ಗೊತ್ತಿಲ್ಲ. ಹಾಗಾಗಿ 220ನ್ನೂ ಬಿಚ್ಚುತ್ತಿದ್ದ.

ಸಂಜೆಗೆ ಮುಗಿಯಿತು. ಒಂದರಲ್ಲೂ ತಪ್ಪಿರಲಿಲ್ಲ. ಅವನೇನೂ ಬೇಜಾರಾದ ಹಾಗೆ ಕಾಣಲಿಲ್ಲ.

ನನಗೆ ಅವ್ವ ನೆನಪಾದಳು. ಗದ್ದೆ ಕೊಯ್ಲಿನ ದಿನ, ಹದಿನೈದು ಆಳು. ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ಹುರುಳಿ ಸಾರು. ಮಾಡಿನಿಂದ ಏನೋ ತೊಪ್ ಅಂತ ಬಿದ್ದ ಹಾಗಾಯ್ತು. ಹಲ್ಲಿಯೋ, ಮಸಿಯ ಕರೆಯೋ? ಅವ್ವ ಸೌಟಿನಲ್ಲಿ ತಳದವರೆಗೂ ತಡಕಿದಳು. ಏನೂ ಇಲ್ಲ. ‘ಏನೂ ಇಲ್ಲ ಕಣೇ, ಬಡಿಸು’ ಅಂದಳು ಅಜ್ಜಿ. ಅವ್ವ ಪಾತ್ರೆ ಎತ್ತಿಕೊಂಡು ಹೋಗಿ ಗೊಬ್ಬರಗುಂಡಿಗೆ ಸುರಿದು ಬಂದಳು. ಆಳುಗಳಿಗೆ ಆವತ್ತು ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ. ಅಜ್ಜಿ ಬೈದಿದ್ದಕ್ಕೆ ಅವ್ವ ಹೇಳಿದ್ದಿಷ್ಟೆ: ‘ಉಣ್ಣೋರಿಗೆ ಗೊತ್ತಾಗಲ್ಲ. ನಂಗೆ ಗೊತ್ತಲ್ಲ?’

ಇನ್ನು ನನ್ನ ವಿಷಯ. ಸಾಲದ ಕಂತು ಕಟ್ಟುವ ಆ್ಯಪ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಒಂದು ಶುಕ್ರವಾರ ಸಂಜೆ ರಿಲೀಸ್. ಟೆಸ್ಟ್‌ಗಳೆಲ್ಲ ಹಸಿರು. ಆದರೆ ನಾನೇ ಬರೆದ ಒಂದು ಕಡೆ ನನಗೊಂದು ಅನುಮಾನವಿತ್ತು. ನಡುವೆ ನೆಟ್‌ವರ್ಕ್ ಕಡಿದು ಮತ್ತೆ ಬಂದರೆ ಅದೇ ಕಂತು ಎರಡು ಸಲ ಕಡಿತವಾಗಬಹುದಾ? ಕಾಲ್‌ನಲ್ಲಿ ಹನ್ನೆರಡು ಜನ. ‘ಎನಿ ಕನ್ಸರ್ನ್ಸ್?’ ಅಂತ ಕೇಳಿದರು. ಮ್ಯೂಟ್‌ನಲ್ಲೇ ಇದ್ದೆ.

ಮೂರು ವಾರದ ನಂತರ ಕೆಲವರಿಗೆ ಎರಡು ಸಲ ಕಡಿತವಾಯ್ತು. ದುಡ್ಡು ವಾಪಸ್ ಹೋಯ್ತು, ಆದರೆ ಆರು ದಿನ ತಡವಾಗಿ. ಒಬ್ಬ ಹೆಂಗಸಿನ ದೂರಿನಲ್ಲಿ, ಅದು ಮಗಳ ಕಾಲೇಜ್ ಫೀಸಿಗೆ ಇಟ್ಟ ಹಣ, ನಾಳೆಯೇ ಕೊನೇ ದಿನ ಅಂತಿತ್ತು. ವರದಿಯಲ್ಲಿ ಕಾರಣ ‘ನೆಟ್‌ವರ್ಕ್ ತೊಂದರೆ’ ಅಂತ ಬರೆದೆವು. ಸುಳ್ಳಲ್ಲ. ನನಗೆ ಮೊದಲೇ ಅನುಮಾನವಿತ್ತು ಅನ್ನೋದಕ್ಕೆ ಆ ಫಾರ್ಮಿನಲ್ಲಿ ಕಾಲಂ ಇರಲಿಲ್ಲ.

ಎಲ್ಲದಕ್ಕೂ ಅನುಮಾನ ಪಟ್ಟರೆ ಯಾವ ಕೆಲಸವೂ ಆಗಲ್ಲ, ನಿಜ. ಆ ಹಿರಿಯನೂ ತುಂಬಿದ್ದನ್ನೆಲ್ಲ ಬಿಚ್ಚುವುದಿಲ್ಲ. ಹಿಂದಿನ ವಾರದ ಸಾವಿರ ತೋಟಾ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅವ್ವ ದಿನಾ ಸಾರು ಚೆಲ್ಲಿದವಳಲ್ಲ. ಅಂಜಿಕೆ ಬೇರೆ, ಅನುಮಾನ ಬೇರೆ. ಅಂಜಿಕೆಗೆ ಊರಿಲ್ಲ, ಎಲ್ಲ ಕಡೆ ಇರುತ್ತೆ. ಅನುಮಾನಕ್ಕೆ ವಿಳಾಸವಿರುತ್ತೆ: ಆ ಫೋನ್ ಬಂದ ಗಳಿಗೆ, ಆ ತೊಪ್ ಅನ್ನೋ ಸದ್ದು, ನಾನು ಬರೆದ ಆ ನಾಲ್ಕು ಸಾಲು.

ಆ ವಿಳಾಸ ಗೊತ್ತಿರೋದು ಮಾಡಿದವನಿಗೆ ಮಾತ್ರ. ಟೆಸ್ಟರ್‌ಗೆ ಕಾಣಲ್ಲ, ಉಣ್ಣೋರಿಗೆ ಕಾಣಲ್ಲ. ಆಮೇಲೆ ಏನೂ ಆಗದಿದ್ದರೂ ಅದನ್ನು ಮುಚ್ಚಿಟ್ಟಿದ್ದು ಸರಿಯಾಗಿಬಿಡುತ್ತಾ? ಹಲ್ಲಿ ಬಿದ್ದಿರದಿದ್ದರೂ ಅವ್ವ ಸುರಿದಿದ್ದು ಸರಿಯೇ. ಮೂರು ವಾರ ಏನೂ ಆಗದೆ ಇದ್ದಾಗಲೂ ನಾನು ಮಾಡಿದ್ದು ತಪ್ಪೇ.

ಆ ಹಿರಿಯನಿಗೂ ನನಗೂ ಒಂದು ವ್ಯತ್ಯಾಸವಿದೆ. ಅವನ ತಪ್ಪು ಮೊದಲು ಸಿಡಿಯುವುದು ಅವನ ಕೈಯಲ್ಲೇ. ನನ್ನದು ಸಿಡಿದಿದ್ದು ನಾನು ಯಾವತ್ತೂ ನೋಡದ ಒಬ್ಬಳ ಮನೆಯಲ್ಲಿ. ಕೈ ನನ್ನದಾಗಿದ್ದರೆ ಆವತ್ತು ಮ್ಯೂಟ್‌ನಲ್ಲಿ ಇರುತ್ತಿರಲಿಲ್ಲ ಅಂತ ಖಂಡಿತ ಗೊತ್ತು. ನಾಚಿಕೆಯಾಗೋದು ಅದಕ್ಕೇ.

ಈಗ ರಿಲೀಸ್ ಕಾಲ್‌ನಲ್ಲಿ ಹೇಳಿಬಿಡುತ್ತೇನೆ: ‘ಈ ಒಂದು ಕಡೆ ನಂಗೆ ಅನುಮಾನ ಇದೆ.’ ಕೆಲವೊಮ್ಮೆ ರಿಲೀಸ್ ಸೋಮವಾರಕ್ಕೆ ಹೋಗುತ್ತೆ, ಹುಡುಕಿದರೆ ಏನೂ ಸಿಗಲ್ಲ, ಒಂದಿಬ್ಬರು ನಗುತ್ತಾರೆ. ಹುರುಳಿ ಸಾರು ಹೋಯ್ತು ಅಂದುಕೊಳ್ಳುತ್ತೇನೆ.