ಕೆಳಗಿನ ಸಾಲಿನವರ ಲೆಕ್ಕ

ದುಬೈಯ ಕರಾಮದಲ್ಲಿ ಬೆಡ್‌ಸ್ಪೇಸ್ ಹಿಡಿದು ಉಳಿದಿರುವ ಕುಂದಾಪುರ ಕಡೆಯ ಹುಡುಗನೊಬ್ಬ ಒಂದು ರಾತ್ರಿ ನನ್ನಲ್ಲಿ ಕೇಳಿದ: "ಅಣ್ಣ, ಇದನ್ನ ಬಿಡುದಾ, ಇನ್ನೊಂದ್ ಆರ್ ತಿಂಗ್ಳ್ ಕಾಂಬುದಾ?"

'ಇದು' ಎಂದರೆ ಚೈನ್ ಬಿಸಿನೆಸ್. ನಾಲ್ಕು ತಿಂಗಳ ಸಂಬಳ ಕೊಟ್ಟು ಪ್ಯಾಕೇಜ್ ಕೊಂಡಿದ್ದ. ಎಂಟು ಜನರನ್ನು ಸೇರಿಸಿದ್ದ. ಅವರಲ್ಲಿ ಮೂವರು ಅದೇ ರೂಮಿನವರು, ಒಬ್ಬರು ಅಬುಧಾಬಿಯ ಮುಸಫ್ಫಾದಲ್ಲಿ ವರ್ಕ್‌ಶಾಪಿನಲ್ಲಿ ದುಡಿಯುವ ಅಕ್ಕನ ಗಂಡ. ರಜೆಯ ದಿನ ಹೋಟೆಲಿನ ಹಾಲ್‌ನಲ್ಲಿ ಮೀಟಿಂಗ್. ಅಲ್ಲಿ ಅಪ್‌ಲೈನಿನವರು, ಅಂದರೆ ಚೈನಿನ ಮೇಲಿನ ಸಾಲಿನವರು, ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಬಿಟ್ಟವನು ಸೋತ, ಹಿಡಿದವನು ಗೆದ್ದ.

ಈ ಮಾತು ನಾಟುವುದಕ್ಕೆ ಕಾರಣವಿದೆ. ಗಲ್ಫಿಗೆ ಬಂದವನ ಬದುಕೇ ಹಿಡಿದು ನಿಂತದ್ದರ ಫಲ. 45 ಡಿಗ್ರಿ ಬಿಸಿಲು, ಎರಡು ವರ್ಷಕ್ಕೊಮ್ಮೆ ಊರು, ಮಗುವಿನ ಮುಖ ಫೋನಿನಲ್ಲಿ. ಇಷ್ಟನ್ನೂ ತಾಳಿಕೊಂಡವನಿಗೆ 'ನಿನಗೆ ತಾಳ್ಮೆ ಸಾಲದು' ಎಂದರೆ ಅದು ಮರ್ಮಕ್ಕೇ ತಾಗುತ್ತದೆ. ಆದರೆ ಛಲ ಗುಣವಾಗುವುದು ಫಲ ಛಲವನ್ನು ಅವಲಂಬಿಸಿರುವಲ್ಲಿ ಮಾತ್ರ. ಗದ್ದೆಯಲ್ಲಿ ಹೆಚ್ಚು ದುಡಿದರೆ ಹೆಚ್ಚು ಬೆಳೆಯಬಹುದು. ನಿನ್ನ ಬೆಳೆಗಾಗಿ ಪಕ್ಕದ ಗದ್ದೆ ಒಣಗಬೇಕಾಗಿಲ್ಲ. ಚೈನಿನಲ್ಲಿ ಹಾಗಲ್ಲ.

ಒಬ್ಬ ಇಬ್ಬರನ್ನಷ್ಟೇ ಸೇರಿಸುತ್ತಾನೆ ಎಂದುಕೊಳ್ಳಿ, ಅವರು ತಲಾ ಇಬ್ಬರನ್ನು. ಹೀಗೆ 22ನೆಯ ಸಾಲು ತುಂಬುವಾಗ ಒಟ್ಟು 41,94,303 ಜನ ಬೇಕು. ದುಬೈಯ ಜನಸಂಖ್ಯೆ ಸುಮಾರು 40 ಲಕ್ಷ. ಆದರೆ ನನ್ನನ್ನು ಹೆಚ್ಚು ಕಾಡುವುದು ಈ ದೊಡ್ಡ ಸಂಖ್ಯೆಯಲ್ಲ. ಕೊನೆಯ ಸಾಲಿನಲ್ಲೇ 20,97,152 ಜನ ಇರುತ್ತಾರೆ, ಮೇಲಿನ 21 ಸಾಲುಗಳನ್ನೂ ಕೂಡಿಸಿದರೆ ಅದಕ್ಕಿಂತ ಒಬ್ಬ ಕಡಿಮೆ. ಚೈನ್ ಮೂರು ಸಾಲಿನದಿರಲಿ, ಮೂವತ್ತರದ್ದಿರಲಿ, ಅರ್ಧಕ್ಕಿಂತ ಹೆಚ್ಚು ಮಂದಿಯ ಕೆಳಗೆ ಯಾವಾಗಲೂ ಯಾರೂ ಇರುವುದಿಲ್ಲ. ಅದು ಅವರ ಸೋಮಾರಿತನದಿಂದ ಆದದ್ದಲ್ಲ, ಆ ಆಕಾರವೇ ಹಾಗೆ. ಎಲ್ಲರೂ ಛಲ ಹಿಡಿದರೂ ಆ ಅರ್ಧ ಕರಗುವುದಿಲ್ಲ, ಇನ್ನಷ್ಟು ಕೆಳಕ್ಕೆ ಇಳಿಯುತ್ತದೆ, ಅಷ್ಟೆ.

ಸಾಮಾನು ಮಾರುತ್ತೇವಲ್ಲ ಎನ್ನುವವರಿದ್ದಾರೆ. ಅದು ತಳ್ಳಿಹಾಕುವ ವಾದವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1975ರ ಕಾಸ್ಕಾಟ್ ಪ್ರಕರಣದಲ್ಲಿ ಎಳೆದ ಗೆರೆಯೇ ಅದು: ನಿಜವಾದ ಗಿರಾಕಿಗೆ ಮಾರಿದ್ದಕ್ಕಲ್ಲದೆ ಜನ ಸೇರಿಸಿದ್ದಕ್ಕೆ ದುಡ್ಡು ಬಂದರೆ ಅದು ಪಿರಮಿಡ್. 1979ರಲ್ಲಿ ಅದೇ ಕಮಿಷನ್ ಆಮ್‌ವೇ ಪಿರಮಿಡ್ ಅಲ್ಲ ಎಂದಿತು, ಮಾರಾಟದ ಮತ್ತು ಸರಕು ವಾಪಸು ಪಡೆಯುವ ನಿಯಮಗಳಿವೆ ಎಂಬ ಕಾರಣಕ್ಕೆ. ಅದೇ ಗುಂಪಿನ ಭಾರತದ ಕಂಪನಿಯ 757 ಕೋಟಿ ರೂಪಾಯಿ ಆಸ್ತಿಯನ್ನು 2022ರಲ್ಲಿ ಜಾರಿ ನಿರ್ದೇಶನಾಲಯ, ಪಿರಮಿಡ್ ವಂಚನೆಯ ಆರೋಪ ಹೊರಿಸಿ ಜಪ್ತಿ ಮಾಡಿತು. ಅಂದರೆ ಕಾನೂನಿನ ಗೆರೆ ದೇಶ ದೇಶಕ್ಕೆ, ಕಾಲ ಕಾಲಕ್ಕೆ ಸರಿದಾಡೀತು. ಅದಕ್ಕೇ ಹುಡುಗನಿಗೆ ನಾನು ಸರಳವಾದ ಪ್ರಶ್ನೆ ಕೇಳಿದೆ: ಚೈನೇ ಇಲ್ಲದಿದ್ದರೆ ನಿನ್ನ ಭಾವ ಈ ಸಾಮಾನನ್ನು ಈ ಬೆಲೆಗೆ ಕೊಳ್ಳುತ್ತಿದ್ದರಾ? ಅವನು ಉತ್ತರಿಸಲಿಲ್ಲ.

ಪರಿಚಯದ ಮೇಲೆ ದುಡಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯವರು ಬೊಂಬಾಯಿ ಕಂಡದ್ದೇ ಪರಿಚಯದಿಂದ. ಉಡುಪಿ ಹೋಟೆಲಿನ ಧಣಿ ಊರಿನಿಂದ ಅಳಿಯನನ್ನೋ ನೆರೆಮನೆಯ ಹುಡುಗನನ್ನೋ ಕರೆಸಿಕೊಂಡ. ಲೋಟ ತೊಳೆಸಿದ, ಕಷ್ಟವನ್ನೂ ಕೊಟ್ಟಿದ್ದಾನು. ಆದರೆ ಒಳಬರುವ ಹುಡುಗನಿಂದ ಅವನು ದುಡ್ಡು ಎಣಿಸಿಕೊಳ್ಳಲಿಲ್ಲ, ಕೂಲಿ ಕೊಟ್ಟ. ಇಡ್ಲಿ ತಿಂದವನು ಹಸಿವಿಗೆ ತಿಂದ. ಚೈನಿನಲ್ಲಿ ಸರಕು ಯಾವುದೇ ಇರಲಿ, ಬಿಕರಿಯಾಗುವುದು 'ಇವ ನಮ್ಮೂರಿನವ' ಎಂಬ ನಂಬಿಕೆ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಡುವವನು, ಕೆಲಸ ಹೋದ ತಿಂಗಳು ಬಾಡಿಗೆ ಕಟ್ಟುವವನು ರೂಮಿನವನೇ. ಪರದೇಶದಲ್ಲಿ ನಮ್ಮಂಥವರಿಗೆ ಇರುವ ದೊಡ್ಡ ವಿಮೆ ಇದು. ಅದನ್ನು ಕಮಿಷನ್ನಿಗೆ ಒಡ್ಡುವುದನ್ನು ನಾನು ಒಪ್ಪಲಾರೆ.

ಹಾಗಾದರೆ ಬಿಡುವುದೇ ಸರಿ. 'ಹಾಕಿದ ದುಡ್ಡು ಹೋಗುತ್ತದಲ್ಲ' ಎಂಬುದು ಇದಕ್ಕೆ ಅಡ್ಡಿಯಾಗಬಾರದು. ಆ ದುಡ್ಡು ಹೋಗಿಯಾಗಿದೆ. ಇನ್ನು ಆರು ತಿಂಗಳು ನಿಂತರೆ ಅದು ಬರುವುದು ಹೊಸಬನೊಬ್ಬನ ಜೇಬಿನಿಂದ. ಕಷ್ಟವಿರುವುದು ಬೇರೆ ಕಡೆ. ಹೆಚ್ಚಿನವರು ಸದ್ದಿಲ್ಲದೆ ಬಿಡುತ್ತಾರೆ. ವಾಟ್ಸಾಪ್ ಗುಂಪಿನಿಂದ ಹೊರಬರುತ್ತಾರೆ, ಮೀಟಿಂಗಿಗೆ ಹೋಗುವುದಿಲ್ಲ, ನಂಬರು ಬದಲಿಸುತ್ತಾರೆ. ಆಗ ಅವರ ಕೆಳಗಿನ ಎಂಟು ಜನ ಅದೇ ಮಾತು ನಂಬಿಕೊಂಡು ಇನ್ನೂ ಎಂಟೆಂಟು ಜನರನ್ನು ಹುಡುಕುತ್ತಲೇ ಇರುತ್ತಾರೆ. ಬಾಯಿ ಬಿಟ್ಟು ಸೇರಿಸಿದವನು ಬಾಯಿ ಮುಚ್ಚಿಕೊಂಡು ಬಿಟ್ಟರೆ ಅವನು ಬಿಟ್ಟದ್ದು ಅರ್ಧ ಮಾತ್ರ. 'ನಾನು ಹೇಳಿದ್ದು ತಪ್ಪು, ನೀನು ಇನ್ನೊಬ್ಬನನ್ನು ಸೇರಿಸಬೇಡ' ಎಂದು ಒಬ್ಬೊಬ್ಬರಿಗೂ ಹೇಳುವುದು ನಷ್ಟಕ್ಕಿಂತ ನೋವಿನದು. ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಕೈಲಾದಷ್ಟು ಹಿಂದಿರುಗಿಸಲೂಬೇಕು. ತಾನೂ ಮೋಸಹೋದವನೇ ಎಂಬುದು ನಿಜ, ಆದರೆ ಭಾವ ನಂಬಿದ್ದು ಕಂಪನಿಯನ್ನಲ್ಲ, ಇವನನ್ನು.

ಇದನ್ನು ಹೇಳಿದಾಗ ಹುಡುಗ ಬಹಳ ಹೊತ್ತು ಸುಮ್ಮನಿದ್ದ. "ಅಕ್ಕನಿಗೆ ಗೊತ್ತಾತ್ತಲ್ಲ ಅಣ್ಣ" ಎಂದ. ಗೊತ್ತಾಗುತ್ತದೆ ಎಂದೆ. ಮುಂದಿನ ರಜೆಗೆ ಅವನು ಅಲ್ ಗುಬೈಬಾ ನಿಲ್ದಾಣದಲ್ಲಿ ಅಬುಧಾಬಿಯ ಇ100 ಬಸ್ ಹತ್ತಿದ. ಎಂಟು ಹೆಸರು, ಎದುರಿಗೆ ದಿರ್ಹಮ್ ಮೊತ್ತ ಬರೆದ ಒಂದು ಹಾಳೆ ಅಂಗಿಯ ಜೇಬಿನಲ್ಲಿತ್ತು. ಮೊದಲ ಹೆಸರು ಭಾವನದು.