ನಾಗವಲ್ಲಿ ಯಾರ ಮನೆಯವಳು?

ಒಂದು ಸಿನಿಮಾ ಬಂದರೆ ಊರಲ್ಲಿ ಅದರ ಮಾತು ಹೆಚ್ಚೆಂದರೆ ಹದಿನೈದು ದಿನ. ಆದರೆ ‘ಮಣಿಚಿತ್ರತ್ತಾಳ್’ ಎಂಬ ಮಲಯಾಳ ಸಿನಿಮಾದ ಮಾತು ಮೂವತ್ತು ವರ್ಷ ಕಳೆದರೂ ಮುಗಿದಿಲ್ಲ. ಫಾಝಿಲ್ ನಿರ್ದೇಶಿಸಿ, ಮಧು ಮುಟ್ಟಂ ಬರೆದ ಈ ಚಿತ್ರ 1993ರ ಕ್ರಿಸ್‌ಮಸ್ ಹೊತ್ತಿಗೆ ತೆರೆಗೆ ಬಂತು. ಗಂಗೆಯ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಇದೇ ಕತೆ 2004ರಲ್ಲಿ ಪಿ. ವಾಸು ಅವರ ಕೈಯಲ್ಲಿ ಕನ್ನಡದ ‘ಆಪ್ತಮಿತ್ರ’ ಆಯಿತು. ಗಡಿಯಲ್ಲಿರುವ ನಮಗೆ ಕಷ್ಟಗಳು ಬೇಕಾದಷ್ಟು ಉಂಟು, ಆದರೆ ಒಂದೇ ಕತೆಯನ್ನು ಎರಡು ಭಾಷೆಯಲ್ಲಿ ನೋಡಿ ಎರಡರಲ್ಲೂ ಜಗಳ ಆಡುವ ಭಾಗ್ಯವೂ ಉಂಟು. ಟಿವಿಯಲ್ಲಿ ಯಾವುದು ಬಂದರೂ ಸರಿ, ಮರುದಿನ ವಾಚನಾಲಯದ ಜಗಲಿಯಲ್ಲಿ ಪೇಪರು ಓದುವವರು ಎರಡು ಪಕ್ಷ ಆಗುತ್ತಾರೆ. ಆ ಎರಡು ಪಕ್ಷದ ಮಾತನ್ನು ಕೇಳುತ್ತಾ ಕೇಳುತ್ತಾ ನನಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕತೆ ಎಲ್ಲರಿಗೂ ಗೊತ್ತಿರುವುದೇ. ಆದರೂ ಮರೆತವರಿಗಾಗಿ ನಾಲ್ಕು ಮಾತು. ನಕುಲನ್ ತನ್ನ ಹೆಂಡತಿ ಗಂಗೆಯನ್ನು ಕರೆದುಕೊಂಡು ಹಳೆಯ ತರವಾಡು ಮನೆಗೆ ವಾಸಕ್ಕೆ ಬರುತ್ತಾನೆ. ಅಲ್ಲಿ ಚಿತ್ತಾರದ ಬೀಗ ಹಾಕಿದ ಒಂದು ಕೋಣೆ. ಹಿಂದೊಂದು ಕಾಲದಲ್ಲಿ ಆ ಮನೆಯ ಯಜಮಾನ ಶಂಕರನ್ ತಂಬಿ, ತಂಜಾವೂರಿನಿಂದ ನಾಗವಲ್ಲಿ ಎಂಬ ನರ್ತಕಿಯನ್ನು ತಂದು ಇಟ್ಟುಕೊಂಡಿದ್ದ. ಅವಳ ಮನಸ್ಸು ಬೇರೊಬ್ಬನಲ್ಲಿತ್ತು. ತಂಬಿ ಅವಳನ್ನು ಕೊಂದ. ಅವಳ ಪ್ರೇತ ಆ ಕೋಣೆಯಲ್ಲಿದೆ ಎಂದು ಮನೆಯವರ ನಂಬಿಕೆ. ಗಂಗೆ ಬೀಗ ತೆಗೆಸುತ್ತಾಳೆ. ಆಮೇಲೆ ಮನೆಯಲ್ಲಿ ಒಂದೊಂದೇ ಅವಘಡ. ಅಮೆರಿಕದಿಂದ ಬಂದ ಮನೋವೈದ್ಯ, ನಕುಲನ್‌ನ ಗೆಳೆಯ ಸನ್ನಿ, ಇದೆಲ್ಲ ಮಾಡುತ್ತಿರುವುದು ಗಂಗೆಯೇ, ಅವಳಿಗೇ ಗೊತ್ತಿಲ್ಲದೆ ಅವಳು ನಾಗವಲ್ಲಿ ಆಗುತ್ತಿದ್ದಾಳೆ ಎಂದು ಕಂಡುಹಿಡಿಯುತ್ತಾನೆ. ಕೊನೆಗೆ ತಂತ್ರಿಗಳೂ ವೈದ್ಯನೂ ಸೇರಿ ಒಂದು ಉಪಾಯ ಮಾಡುತ್ತಾರೆ. ಹಲಗೆ ಮಗುಚಿ ಗಂಡನ ಜಾಗಕ್ಕೆ ಒಂದು ಬೊಂಬೆ ಬರುತ್ತದೆ. ಶಂಕರನ್ ತಂಬಿಯನ್ನೇ ಕೊಂದೆ ಎಂದುಕೊಂಡು ಅವಳು ಬೊಂಬೆಯನ್ನು ಕಡಿಯುತ್ತಾಳೆ, ನಾಗವಲ್ಲಿಯ ಸಿಟ್ಟು ತೀರುತ್ತದೆ, ಗಂಗೆ ಗುಣವಾಗುತ್ತಾಳೆ.

ಈಗ ಜಗಲಿಯ ಜಗಳ. ಒಂದು ಪಕ್ಷದವರು, “ಎಂತ ರೋಗ ಮಾರಾಯ್ರೆ? ಅಷ್ಟು ಚಂದದ ತಮಿಳು, ಅಂಥ ನಾಟ್ಯ ರೋಗದಿಂದ ಬರ್ತದಾ? ತಂತ್ರಿಗಳು ಇಲ್ಲದಿದ್ದರೆ ಆ ಡಾಕ್ಟ್ರು ಎಂತ ಮಾಡ್ತಿದ್ದ?” ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಹೆಚ್ಚಿನವರು ಮಾಸ್ಟ್ರುಗಳು, “ಅದು ಮನಸ್ಸಿನ ಕಾಯಿಲೆ. ಮಂತ್ರ ಬರೀ ನಾಟಕ. ಸಿನಿಮಾವೇ ಬಾಯಿಬಿಟ್ಟು ಹೇಳ್ತದಲ್ಲ, ಮತ್ತೆಂತ ಚರ್ಚೆ?” ಎನ್ನುತ್ತಾರೆ. ಕನ್ನಡ ‘ಆಪ್ತಮಿತ್ರ’ದಲ್ಲಿ ಒಂದು ದೊಡ್ಡ ನಾಗರಹಾವನ್ನೂ ತಂದಿಟ್ಟದ್ದರಿಂದ ಮೊದಲನೆಯ ಪಕ್ಷಕ್ಕೆ ಸ್ವಲ್ಪ ಬಲ ಬಂತು. ಮಲಯಾಳದಲ್ಲಿ ಹಾವಿಲ್ಲ ಎಂದು ಎರಡನೆಯವರು ಹೇಳಿದರೆ, “ನಿಮ್ಮದು ಅರ್ಧ ಕತೆ” ಎಂದು ಉತ್ತರ.

ಎರಡೂ ಪಕ್ಷದವರು ಕೇಳುವುದು ಒಂದೇ: ಇದು ದೆವ್ವವೋ, ರೋಗವೋ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಎಲ್ಲ ಮುಗಿಯಿತು ಎಂದು ಇಬ್ಬರಿಗೂ ಭಾವನೆ. ನನಗೆ ಹಾಗೆ ಕಾಣುವುದಿಲ್ಲ. ಯಾಕೆಂದರೆ ಈ ಜಗಳದಲ್ಲಿ ಯಾರೂ ಹೆಸರೆತ್ತದ ಒಬ್ಬಳು ಆ ಮನೆಯಲ್ಲಿದ್ದಾಳೆ. ಅವಳು ಶ್ರೀದೇವಿ.

ಮಲಯಾಳದಲ್ಲಿ ಈ ಪಾತ್ರ ಮಾಡಿದವರು ನಮ್ಮ ಉಡುಪಿಯ ಕಡೆಯ ವಿನಯಾ ಪ್ರಸಾದ್. ಶ್ರೀದೇವಿ ಆ ಮನೆಯದೇ ಹುಡುಗಿ. ಜಾತಕದಲ್ಲಿ ಕುಜದೋಷ ಉಂಟೆಂದು ನಕುಲನ್ ಜತೆ ಆಗಬೇಕಿದ್ದ ಮದುವೆ ನಿಂತಿತು. ಬೇರೆ ಕಡೆ ಕೊಟ್ಟದ್ದು ಬಾಳಲಿಲ್ಲ, ತವರಿಗೆ ಬಂದು ಕೂತಿದ್ದಾಳೆ. ಮನೆಯಲ್ಲಿ ಸೀರೆಗೆ ಬೆಂಕಿ ಹತ್ತಿದಾಗ, ಕಾಫಿಯಲ್ಲಿ ವಿಷ ಬಿದ್ದಾಗ ಎಲ್ಲರ ಕಣ್ಣು ಹೋಗುವುದು ಅವಳ ಮೇಲೆ. ಅವಳು ಮಾಡಿದ್ದಕ್ಕೆ ಸಾಕ್ಷಿ ಏನೂ ಇಲ್ಲ. ಗಂಡ ಬಿಟ್ಟವಳು, ದೋಷದವಳು, ಆದಕಾರಣ ಅವಳೇ ಇರಬೇಕು, ಅಷ್ಟೇ. ವೈದ್ಯನೂ ಆ ಸಂಶಯವನ್ನು ಹಾಗೇ ನಡೆಯಲು ಬಿಡುತ್ತಾನೆ. ಅವಳನ್ನು ಕೋಣೆಯೊಳಗೆ ಹಾಕಿ ಬಾಗಿಲು ಮುಚ್ಚುವುದೂ ಆಗುತ್ತದೆ.

ಗಮನಿಸಿ ನೋಡಿ. ಪ್ರೇತ ನಂಬುವವರ ಸಂಶಯವೂ ಅವಳ ಮೇಲೆ, ಪ್ರೇತ ನಂಬದ ನಕುಲನ್‌ನ ಸಂಶಯವೂ ಅವಳ ಮೇಲೆ. ದೇವರ ಪಕ್ಷ, ವಿಜ್ಞಾನದ ಪಕ್ಷ ಎಂಬ ಭೇದವೇ ಅಲ್ಲಿ ಉಳಿಯಲಿಲ್ಲ. ಮನೆಯಲ್ಲಿ ಯಾರ ಬೆನ್ನಿಗೆ ಜನ ಇಲ್ಲವೋ ಅವರ ತಲೆಯ ಮೇಲೆ ತಪ್ಪು ಹೊರಿಸುವುದರಲ್ಲಿ ಎಲ್ಲರೂ ಒಂದೇ.

ಇಲ್ಲಿ ಒಂದು ಧರ್ಮದ ಪ್ರಶ್ನೆ ಉಂಟು. ಗಂಗೆಯನ್ನು ಉಳಿಸಲು ವೈದ್ಯ ಎರಡು ಸುಳ್ಳು ನಡೆಸುತ್ತಾನೆ. ಒಂದು, ಬೊಂಬೆಯ ಸುಳ್ಳು. ಇನ್ನೊಂದು, ಶ್ರೀದೇವಿಯೇ ರೋಗಿ ಎಂಬ ಸುಳ್ಳು. ಎರಡನ್ನೂ ಒಳ್ಳೆಯದಕ್ಕಾಗಿ ಹೇಳಿದ್ದು ಎಂದು ನಾವು ಒಂದೇ ತಕ್ಕಡಿಗೆ ಹಾಕುತ್ತೇವೆ. ಆದರೆ ಬೊಂಬೆಯ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ, ಯಾರಿಗಾಗಿ ಹೇಳಿದ್ದೋ ಅವಳಿಗೇ ಅದರ ಫಲ. ಎರಡನೆಯ ಸುಳ್ಳಿನ ಫಲ ಗಂಗೆಗೆ, ಖರ್ಚು ಶ್ರೀದೇವಿಗೆ. ಅವಳನ್ನು ಮೊದಲು ಕೇಳಿದ್ದರೆ ಅವಳು ಒಪ್ಪುತ್ತಿದ್ದಳೋ ಏನೋ. ಆದರೆ ಕೇಳದೆ ಅವಳ ಮಾನವನ್ನು ಸಾಲ ತೆಗೆದದ್ದು ನ್ಯಾಯವೇ? ಕತೆಯ ಕೊನೆಯಲ್ಲಿ ವೈದ್ಯ ಅವಳನ್ನು ಮದುವೆಯಾಗುವ ಮನಸ್ಸು ತೋರಿಸುತ್ತಾನೆ. ನೋಡುವವರು ನಗುತ್ತಾ ಎದ್ದು ಹೋಗುತ್ತಾರೆ, ಲೆಕ್ಕ ಚುಕ್ತಾ ಆಯಿತು ಎಂದು. ಮನೆಯವರು ಅವಳ ಎದುರು ನಿಂತು “ತಪ್ಪಾಯಿತು” ಎಂದರೋ ಇಲ್ಲವೋ ಎಂದು ಜಗಲಿಯಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ.

ಇನ್ನು ನಾಗವಲ್ಲಿಯ ವಿಷಯ. ‘ಆಪ್ತಮಿತ್ರ’ದಲ್ಲಿ ಗಂಗೆಯಾಗಿ ನಟಿಸಿದ ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡರು, ಆಗ ಚಿತ್ರ ಇನ್ನೂ ತೆರೆಗೆ ಬಂದಿರಲಿಲ್ಲ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು, ಮುಂದಿನ ಕತೆಯಾದ ‘ಆಪ್ತರಕ್ಷಕ’ ಅವರ ಮರಣದ ಮೇಲೆ ಬಂತು. “ನಾಗವಲ್ಲಿಯ ಕಾಟ” ಎಂದು ಜನ ಮಾತಾಡಿಕೊಂಡರು, ಈಗಲೂ ಮಾತಾಡುತ್ತಾರೆ. ಒಬ್ಬ ಲೇಖಕರು ಕುಳಿತು ಬರೆದ ಪಾತ್ರ ನಿಜವಾದ ವಿಮಾನವನ್ನು ಬೀಳಿಸಿತಂತೆ! ಇದರಲ್ಲಿ ನಗುವ ವಿಷಯ ಇರುವಷ್ಟೇ ಯೋಚಿಸುವ ವಿಷಯವೂ ಉಂಟು. ಕತೆಯಲ್ಲಿ ಕೊಲೆ ಮಾಡಿದವನು ಶಂಕರನ್ ತಂಬಿ. ‘ಶಂಕರನ್ ತಂಬಿಯ ಕಾಟ’ ಎಂದು ಯಾರೂ ಹೇಳಲಿಲ್ಲ. ದೂರದೂರಿನಿಂದ ತಂದು ಕೂಡಿಹಾಕಿ ಕೊಂದ ಹೆಣ್ಣೇ ಅಪರಾಧಿ, ಕೊಂದವನು ಮನೆಯ ಹಿರಿಯ.

“ನಂಬಿಕೆ ಅಂದರೆ ಹೀಗೇ, ಬಿಡಿ” ಎಂದು ಮಾಸ್ಟ್ರುಗಳು ಹೇಳಬಹುದು. ಆದರೆ ಇದು ನಮ್ಮ ನೆಲದ ನಂಬಿಕೆ ಅಲ್ಲ ಎಂದು ನನ್ನ ವಾದ. ಬೇರೆ ಕಡೆ ಭೂತ ಎಂದರೆ ದೆವ್ವ. ನಮ್ಮಲ್ಲಿ ಭೂತ ಎಂದರೆ ದೈವ, ಕೈಮುಗಿಯುವಂಥದ್ದು. ಆ ದೈವಗಳಲ್ಲಿ ಹಲವರು ಯಾರು? ಅನ್ಯಾಯಕ್ಕೆ ಸಿಕ್ಕಿದ ಮನುಷ್ಯರು. ಕಾರ್ಕಳದ ಅರಸನಿಂದ ಕೈಕಾಲು ಕಳಕೊಂಡ ಶಿಲ್ಪಿ ಕಲ್ಕುಡ, ಅಣ್ಣನಿಗಾದ ಅನ್ಯಾಯ ಕೇಳಲು ಹೊರಟ ತಂಗಿ ಕಲ್ಲುರ್ಟಿ. ಇತ್ತ ಮಲಯಾಳದ ಕಡೆ ತೆಯ್ಯವಾಗಿ ಬರುವ ಮುಚ್ಚಿಲೋಟ್ ಭಗವತಿಯ ಕತೆ ಕೇಳಿ. ಅವಳು ವಾದದಲ್ಲಿ ಪಂಡಿತರನ್ನು ಸೋಲಿಸಿದ ಹುಡುಗಿ. ಮದುವೆಯಾಗದ ಇವಳಿಗೆ ಕಾಮದ ಸುಖ, ಹೆರಿಗೆಯ ನೋವು ಹೇಗೆ ಗೊತ್ತು ಎಂದು ಅಪವಾದ ಹೊರಿಸಿ ಊರು ಅವಳನ್ನು ಹೊರಗೆ ಹಾಕಿತು. ಅವಳು ಬೆಂಕಿಗೆ ಬಿದ್ದಳು. ಆಮೇಲೆ ಅವಳು ಭಗವತಿಯಾದಳು, ಇಂದಿಗೂ ಕಾಸರಗೋಡು ಕಣ್ಣೂರಿನ ಕಾವುಗಳಲ್ಲಿ ಸಾವಿರ ಸಾವಿರ ಜನ ಅವಳ ಎದುರು ತಲೆ ಬಾಗುತ್ತಾರೆ.

ಸತ್ತ ಮೇಲೆ ಕೈಮುಗಿದರೆ ಬದುಕಿದ್ದಾಗ ಮಾಡಿದ ಅನ್ಯಾಯ ಹೋಗುತ್ತದೆ ಎಂದಲ್ಲ. ಹೋಗುವುದಿಲ್ಲ. ಆದರೆ ಆ ಹಿರಿಯರು ಅನ್ಯಾಯಕ್ಕೆ ಸಿಕ್ಕಿದವಳನ್ನು ಓಡಿಸಲಿಲ್ಲ, ಜಾಗ ಕೊಟ್ಟರು. ನಿನಗೆ ನಾವು ಏನು ಮಾಡಿದೆವು ಎಂದು ವರ್ಷಕ್ಕೊಮ್ಮೆ ಅವಳ ಬಾಯಿಂದಲೇ ಕೇಳಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಈ ಲೆಕ್ಕದಲ್ಲಿ ನಾಗವಲ್ಲಿ ನಮ್ಮ ಊರಲ್ಲಿ ಸತ್ತಿದ್ದರೆ ಅವಳಿಗೆ ಬೀಗ ಹಾಕುತ್ತಿರಲಿಲ್ಲ, ಕಟ್ಟೆ ಕಟ್ಟುತ್ತಿದ್ದರು.

ಸಿನಿಮಾದ ವೈದ್ಯ ಮಾಡಿದ್ದೂ ಕೊನೆಗೆ ಇದನ್ನೇ. ಅವನು ಗಂಗೆಯ ಊರಿಗೆ ಹೋಗಿ ವಿಚಾರಿಸುತ್ತಾನೆ. ತಂದೆ ತಾಯಿ ದೂರದ ಕಲ್ಕತ್ತಾದಲ್ಲಿ, ಮಗು ಅಜ್ಜಿಯ ಹತ್ತಿರ, ಅಜ್ಜಿಯ ಕತೆಗಳೇ ಅವಳಿಗೆ ಲೋಕ. ಮದುವೆಯಾದ ಮೇಲೆ ಗಂಡನಿಗೆ ಕೆಲಸವೇ ಲೋಕ. ಆ ಒಂಟಿತನದ ಒಳಗೆ ನಾಗವಲ್ಲಿ ಬಂದು ಕೂತಳು. ಅಂದರೆ ಒಳ್ಳೆಯ ವೈದ್ಯ ಕೇಳುವ ಪ್ರಶ್ನೆಯೂ, ಒಳ್ಳೆಯ ನಂಬಿಕೆ ಕೇಳುವ ಪ್ರಶ್ನೆಯೂ ಒಂದೇ: “ಅಮ್ಮಾ, ನಿನಗೆ ಏನಾಯಿತು?” ಹೆದರಿಕೆ ಕೇಳುವ ಪ್ರಶ್ನೆ ಬೇರೆ: “ಇದನ್ನು ಮನೆಗೆ ತಂದವರು ಯಾರು?” ಮೊದಲನೆಯ ಪ್ರಶ್ನೆಯಿಂದ ನೊಂದವರು ಸಿಗುತ್ತಾರೆ, ಎರಡನೆಯದರಿಂದ ಬಲಿ ಸಿಗುತ್ತದೆ.

ಇದು ಸಿನಿಮಾಕ್ಕೆ ಸೀಮಿತವಾದ ಮಾತು ಎಂದುಕೊಳ್ಳಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಏನಾಯಿತು ಎಂದು ಹಿರಿಯರಿಗೆ ನೆನಪಿರಬಹುದು. ಅಲ್ಲಿಯ ದರ್ಗಾಕ್ಕೆ ಮನಸ್ಸು ಕೆಟ್ಟವರನ್ನು ಎಲ್ಲ ಮತದವರೂ ಕರೆತರುತ್ತಾರೆ. ಆ ಊರಿನ ಒಂದು ಖಾಸಗಿ ಮನೆಯಲ್ಲಿ ರೋಗಿಗಳನ್ನು ಸರಪಳಿ ಹಾಕಿ ಇಟ್ಟಿದ್ದರು. ಚಪ್ಪರಕ್ಕೆ ಬೆಂಕಿ ಬಿತ್ತು. ಓಡಲಿಕ್ಕೆ ಆಗದೆ 28 ಜನ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟು ಬಂದವರು ಅವರವರ ಮನೆಯವರೇ.

ಇದರ ಮರುವರ್ಷ, 2002ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಅದೇ ತಮಿಳುನಾಡಿನ ಒಂದು ಹಳ್ಳಿಯ ದೇವಸ್ಥಾನದಲ್ಲಿ ಉಳಿದುಕೊಂಡ 31 ಮಾನಸಿಕ ರೋಗಿಗಳನ್ನು ಅವರು ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಪರೀಕ್ಷಿಸಿದ್ದರು. ಸರಾಸರಿ ಆರು ವಾರದ ವಾಸದಲ್ಲಿ ರೋಗದ ಲಕ್ಷಣಗಳು ಶೇಕಡಾ 20ರಷ್ಟು ಇಳಿದಿದ್ದವು. ಅಲ್ಲಿ ದೆವ್ವ ಬಿಡಿಸುವ ವಿಶೇಷ ಪೂಜೆ ಏನೂ ಇರಲಿಲ್ಲ. ರೋಗಿಯ ಜತೆ ಮನೆಯವರು ಉಳಿಯುತ್ತಿದ್ದರು, ರೋಗಿ ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು ಮುಂತಾದ ಸಣ್ಣ ಕೆಲಸ ಮಾಡುತ್ತಿದ್ದ. ಹೆದರಿಕೆ ಇಲ್ಲದ, ಆಸರೆ ಇರುವ ಜಾಗದಲ್ಲಿ ಇದ್ದದ್ದೇ ಗುಣ ಕೊಟ್ಟಿರಬೇಕು ಎಂದು ವೈದ್ಯರ ಅಭಿಪ್ರಾಯ. ಎರಡು ಕಡೆಗೂ ಜನ ಹೋದದ್ದು ನಂಬಿಕೆಯಿಂದಲೇ. ಒಂದು ಕಡೆ ಮನೆಯವರು ಬಿಟ್ಟು ಹೋದರು, ಇನ್ನೊಂದು ಕಡೆ ಜತೆಗೆ ನಿಂತರು. ವ್ಯತ್ಯಾಸ ಅಷ್ಟೇ, ಆದರೆ ಅದು ಸಾವು ಬದುಕಿನ ವ್ಯತ್ಯಾಸ.

“ಹಾಗಾದರೆ ಆಸ್ಪತ್ರೆ ಬೇಡ, ದೇವಸ್ಥಾನ ಸಾಕು ಅಂತ ಹೇಳ್ತೀರಾ?” ಎಂದು ಕೇಳುವವರು ಇದ್ದಾರೆ. ಖಂಡಿತ ಇಲ್ಲ. ಮದ್ದು ಬೇಕಾದ ರೋಗಕ್ಕೆ ಮದ್ದೇ ಬೇಕು, ತಡ ಮಾಡಿದಷ್ಟು ರೋಗ ಬೇರೂರುತ್ತದೆ. ಜೋಯಿಸರಲ್ಲಿ ಪ್ರಶ್ನೆ ಇಡಿಸುವವರು ಇಡಿಸಲಿ, ಆದರೆ ಅದೇ ವಾರ ಡಾಕ್ಟ್ರಲ್ಲಿಗೂ ಹೋಗಲಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಒತ್ತಿದರೆ ದುಡ್ಡಿಲ್ಲದೆ ಮಾತಾಡಬಹುದು. ಮನಸ್ಸಿನ ರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಇದೆಲ್ಲ ಶಾಲೆಯಲ್ಲೂ ಹೇಳಬೇಕಾದ ವಿಷಯ. ಆದರೆ ಡಾಕ್ಟ್ರ ಚೀಟಿ ಹಿಡಿದು, “ಇವಳಿಗೆ ತಲೆ ಸರಿ ಇಲ್ಲ ಅಂತ ಬರೆದು ಕೊಟ್ಟಿದ್ದಾರೆ” ಎಂದು ಸೊಸೆಯನ್ನು ತವರಿಗೆ ಕಳಿಸುವ ಮನೆಯೂ ಉಂಟು. ಅಲ್ಲಿ ವಿಜ್ಞಾನವೇ ಸರಪಳಿ. ಮಂತ್ರವಾಗಲಿ ಮದ್ದಾಗಲಿ, ಹಿಡಿದ ಕೈ ಎಂಥದ್ದು ಎಂದು ನೋಡಬೇಕು.

ಆದ್ದರಿಂದ ಮುಂದಿನ ಸಲ ಟಿವಿಯಲ್ಲಿ ಈ ಸಿನಿಮಾ ಬಂದಾಗ, ದೆವ್ವವೋ ರೋಗವೋ ಎಂಬ ಜಗಳ ಬೇಕಾದಷ್ಟು ಆಡೋಣ, ಅದರಲ್ಲಿ ಸುಖ ಉಂಟು. ಜತೆಗೆ ಇನ್ನೊಂದು ಪ್ರಶ್ನೆಯನ್ನೂ ಹಾಕಿಕೊಳ್ಳೋಣ. ನಮ್ಮ ಮನೆಯಲ್ಲಿ ಏನಾದರೂ ಕೆಟ್ಟದ್ದು ಆದರೆ ಮೊದಲ ಸಂಶಯ ಯಾರ ಮೇಲೆ ಹೋಗುತ್ತದೆ? ಗಂಡ ತೀರಿದ ಅತ್ತೆಯ ಮೇಲೋ, ಮದುವೆಯಾಗದ ಅಕ್ಕನ ಮೇಲೋ, ಹೊಸದಾಗಿ ಬಂದ ಸೊಸೆಯ ಮೇಲೋ? ಆ ಹೆಸರು ನಾಲಿಗೆಯ ತುದಿಗೆ ತಾನಾಗಿಯೇ ಬಂದರೆ, ನಮ್ಮ ಮನೆಯಲ್ಲೂ ಒಬ್ಬಳು ಶ್ರೀದೇವಿ ಇದ್ದಾಳೆ ಎಂದು ತಿಳಿಯಬೇಕು. ಅವಳ ಹತ್ತಿರ ಕೂತು ಏನಮ್ಮಾ ಎಂದು ಕೇಳಲಿಕ್ಕೆ ತಂತ್ರಿಗಳೂ ಬೇಡ, ಅಮೆರಿಕದ ಡಾಕ್ಟ್ರೂ ಬೇಡ.