ಬರಿಗೈ ಪಯಣ, ಬಾಡಿಗೆ ಅಂಗಿ

ಪ್ರಯಾಣವೆಂದರೆ ಗಂಟುಮೂಟೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೊರಡುವ ಹಿಂದಿನ ರಾತ್ರಿ ಮನೆಯ ಮಂಚವೆಲ್ಲ ಬಟ್ಟೆಮಯ. ಇದು ಬೇಕಾಗಬಹುದು, ಅದೂ ಒಂದಿರಲಿ, ಮಳೆ ಬಂದರೆ, ಚಳಿ ಹೆಚ್ಚಾದರೆ, ಯಾರಾದರೂ ಊಟಕ್ಕೆ ಕರೆದರೆ ಎಂದು ಸೇರಿಸುತ್ತಾ ಹೋಗಿ, ಕೊನೆಗೆ ಒಬ್ಬರು ಪೆಟ್ಟಿಗೆಯ ಮೇಲೆ ಕುಳಿತರೆ ಮಾತ್ರ ಅದರ ಬಾಯಿ ಮುಚ್ಚೀತು. ಹಿಂತಿರುಗಿ ಬಂದಾಗ ಅರ್ಧದಷ್ಟು ಬಟ್ಟೆ ಇಟ್ಟ ಮಡಿಕೆಯಲ್ಲೇ ಇರುತ್ತದೆ.

ಈ ತಾಪತ್ರಯವೇ ಬೇಡ ಎನ್ನುವವರಿಗಾಗಿ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಏರ್ಪಾಡು ಹುಟ್ಟಿಕೊಂಡಿದೆ. 2023ರ ಜುಲೈ ತಿಂಗಳಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಸಂಸ್ಥೆಯೂ ಸುಮಿಟೊಮೊ ಎಂಬ ವ್ಯಾಪಾರ ಸಂಸ್ಥೆಯೂ ಸೇರಿ 'ಎನಿ ವೇರ್, ಎನಿವೇರ್' ಎಂಬ ಪ್ರಯೋಗವನ್ನು ಆರಂಭಿಸಿದವು. ಜಪಾನಿಗೆ ಹೋಗುವ ಪ್ರಯಾಣಿಕರು ತಮ್ಮ ಅಳತೆ, ಋತು, ಉಳಿಯುವ ದಿನಗಳನ್ನು ಮುಂಚಿತವಾಗಿ ತಿಳಿಸಿದರೆ ಸಾಕು, ಒಗೆದು ಮಡಚಿದ ಬಟ್ಟೆಗಳು ಅವರು ತಂಗುವ ಹೋಟೆಲಿಗೇ ಬಂದಿರುತ್ತಿದ್ದವು. ಎರಡು ವಾರಗಳವರೆಗೆ ಉಟ್ಟು, ಹೊರಡುವಾಗ ಅಲ್ಲೇ ಬಿಟ್ಟು ಬರಬಹುದಿತ್ತು. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಬಟ್ಟೆಗಳನ್ನೂ ಒಮ್ಮೆ ಬಳಸಿದ ಬಟ್ಟೆಗಳನ್ನೂ ಇದಕ್ಕೆ ಉಪಯೋಗಿಸಲಾಯಿತು. 2024ರ ಆಗಸ್ಟ್‌ವರೆಗೆ ಎಂದು ಅವಧಿಯನ್ನು ಗೊತ್ತುಪಡಿಸಲಾಗಿತ್ತು. ಹೊರೆ ಕಡಿಮೆಯಾದರೆ ವಿಮಾನಕ್ಕೆ ಇಂಧನ ಕಡಿಮೆ ಸಾಕು, ಗಾಳಿಗೆ ಸೇರುವ ಹೊಗೆಯೂ ಕಡಿಮೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಕೇಳಲು ಸೊಗಸಾಗಿದೆ. ಆದರೆ ಇದು ಕೇವಲ ಅನುಕೂಲದ ಮಾತೋ, ಅಥವಾ ಸದ್ಗುಣದ ಮಾತೋ? ಕೈ ಬರಿದಾದ ಮಾತ್ರಕ್ಕೆ ಬದುಕು ಹಗುರವಾಗುತ್ತದೆಯೇ? ಕುಟುಂಬವಾಗಿ ಕುಳಿತು ಯೋಚಿಸಬೇಕಾದ ಪ್ರಶ್ನೆ ಇದು.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳೋಣ. ಬಾಡಿಗೆ ಬಟ್ಟೆ ನಮಗೆ ಹೊಸದಲ್ಲ. ನಮ್ಮ ಎಷ್ಟೋ ಮದುವೆಗಳಲ್ಲಿ ವಧುವಿನ ಬಿಳಿ ಗೌನು, ವರನ ಕೋಟು ಬಾಡಿಗೆಯವೇ. ಶಾಲಾ ವಾರ್ಷಿಕೋತ್ಸವದ ಛದ್ಮವೇಷಕ್ಕೆ ಮಕ್ಕಳು ಹಾಕುವ ರಾಜನ ಕಿರೀಟ, ಸೈನಿಕನ ಸಮವಸ್ತ್ರ ಎಲ್ಲವೂ ಸಂಜೆಯೊಳಗೆ ಅಂಗಡಿಗೆ ಹಿಂತಿರುಗಬೇಕು. ರೈಲು ಪ್ರಯಾಣವನ್ನೇ ನೋಡಿ. ಹಿಂದಿನ ತಲೆಮಾರಿನವರು ಚಾದರ, ದಿಂಬು, ಕಂಬಳಿಗಳನ್ನು 'ಹೋಲ್ಡಾಲ್'ನಲ್ಲಿ ಸುತ್ತಿ ಬೆಲ್ಟು ಬಿಗಿದು ಕೂಲಿಯ ತಲೆಯ ಮೇಲೆ ಹೊರಿಸುತ್ತಿದ್ದರು. ಇಂದು ಹವಾನಿಯಂತ್ರಿತ ಬೋಗಿಯಲ್ಲಿ ರೈಲ್ವೆಯವರೇ ಹಾಸಿಗೆ ಬಟ್ಟೆ ಕೊಡುತ್ತಾರೆ. ಕೊರೋನಾ ಭೀತಿಯಿಂದ 2020ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದಾಗ ಪ್ರಯಾಣಿಕರು ಪರದಾಡಿದರು. 2022ರ ಮಾರ್ಚ್‌ನಲ್ಲಿ ಅದು ಮತ್ತೆ ಆರಂಭವಾದಾಗ ನಿಟ್ಟುಸಿರು ಬಿಟ್ಟರು. ಯಾರೋ ಹೊದ್ದು ಬಿಟ್ಟ ಚಾದರವನ್ನು ನಾವೆಲ್ಲರೂ ಹೊದ್ದುಕೊಂಡವರೇ.

ಹಾಗಿದ್ದರೂ ದಿನನಿತ್ಯದ ಅಂಗಿಯ ಮಾತು ಬಂದಾಗ ಮನಸ್ಸು ಹಿಂಜರಿಯುತ್ತದೆ. 'ಛೇ, ಯಾರು ಹಾಕಿದ್ದೋ ಏನೋ!' ಎನ್ನುತ್ತೇವೆ. ಈ ಹಿಂಜರಿಕೆಯನ್ನು ಸ್ವಲ್ಪ ಬಗೆದು ನೋಡಬೇಕು. ನಾವು ಉಟ್ಟು ಹಳೆಯದಾದ ಸೀರೆಯನ್ನು ಮನೆಗೆಲಸಕ್ಕೆ ಬರುವ ಹೆಂಗಸಿಗೆ ಕೊಡುವಾಗ, ಗಂಡನ ಹಳೆಯ ಶರಟನ್ನು ತೋಟದ ಆಳಿಗೆ ಕೊಡುವಾಗ, ನೆರೆ ಬಂದ ಊರಿಗೆ ಹಳೆಯ ಬಟ್ಟೆಯ ಮೂಟೆ ಕಳುಹಿಸುವಾಗ, ಇನ್ನೊಬ್ಬರ ಮೈಬೆವರು ತಾಗಿದ ಬಟ್ಟೆಯನ್ನು ತೊಡಲು ಅವರಿಗೆ ಹೇಗನಿಸೀತು ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೇ? ಬಡವರು ಇನ್ನೊಬ್ಬರ ಬಟ್ಟೆ ತೊಟ್ಟೇ ಬಾಳಿದ್ದಾರೆ. ಅದು ಅವರಿಗೆ ಸಹಜ, ನಮಗೆ ಮಾತ್ರ ಅಸಹ್ಯ ಎಂದುಕೊಂಡರೆ ಅದು ಶುಚಿತ್ವದ ಪ್ರಶ್ನೆಯಲ್ಲ, ಅಂತಸ್ತಿನ ಪ್ರಶ್ನೆ. ಈ ಒಂದು ದೃಷ್ಟಿಯಿಂದ ಬಾಡಿಗೆ ಅಂಗಿ ನಮಗೆ ಒಳ್ಳೆಯ ಪಾಠವನ್ನೇ ಕಲಿಸಬಹುದು. ಇನ್ನೊಬ್ಬನು ತೊಟ್ಟದ್ದನ್ನು ತೊಡುವುದು ಅವಮಾನವಲ್ಲ ಎಂದು ನಮ್ಮ ಮೈಗೆ ತಿಳಿದರೆ, ಕೊಡುವಾಗ ಹರಿದದ್ದನ್ನು, ಗುಂಡಿ ಕಿತ್ತದ್ದನ್ನು ಕೊಡಲು ಕೈ ಬರಲಾರದು.

ಇನ್ನು ಭೂಮಿಗೆ ಆಗುವ ಉಪಕಾರದ ವಿಷಯ. ಟೋಕಿಯೋ ಮತ್ತು ನ್ಯೂಯಾರ್ಕ್ ನಡುವಿನ ಒಂದು ಕಡೆಯ ಪ್ರಯಾಣದಲ್ಲಿ ಹತ್ತು ಕಿಲೋ ಹೊರೆ ಕಡಿಮೆಯಾದರೆ ಸುಮಾರು ಏಳೂವರೆ ಕಿಲೋ ಇಂಗಾಲದ ಡೈ ಆಕ್ಸೈಡ್ ಉಳಿಯುತ್ತದೆ ಎಂದು ಆ ಪ್ರಯೋಗ ನಡೆಸಿದವರೇ ಲೆಕ್ಕ ಕೊಟ್ಟಿದ್ದರು. ಒಳ್ಳೆಯದು. ಆದರೆ ಅದೇ ಪ್ರಯಾಣದಲ್ಲಿ ಒಬ್ಬೊಬ್ಬ ಪ್ರಯಾಣಿಕನ ಪಾಲಿಗೆ ಬರುವ ಹೊಗೆ ನೂರಾರು ಕಿಲೋಗಳಷ್ಟು. ಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು ಹೋದವನು ತನ್ನನ್ನು ತಾನು ಹೊತ್ತುಕೊಂಡೇ ಹೋಗುತ್ತಾನೆ ತಾನೇ? ಬಟ್ಟೆ ಬಿಟ್ಟು ಬಂದೆನೆಂಬ ಸಮಾಧಾನದಲ್ಲಿ ಇನ್ನೊಂದು ಪ್ರವಾಸಕ್ಕೆ ಟಿಕೆಟು ಕೊಂಡರೆ ಉಳಿಸಿದ್ದು ಎಲ್ಲಿ ಹೋಯಿತು?

ಬಾಡಿಗೆ ಬಟ್ಟೆಗೂ ಅದರದೇ ಆದ ಪ್ರಯಾಣವಿದೆ ಎಂಬುದನ್ನು ಮರೆಯಬಾರದು. ಗೋದಾಮಿನಿಂದ ಹೋಟೆಲಿಗೆ, ಅಲ್ಲಿಂದ ಒಗೆಯುವ ಕಾರ್ಖಾನೆಗೆ, ಮತ್ತೆ ಗೋದಾಮಿಗೆ. ಫಿನ್ಲೆಂಡಿನ ಸಂಶೋಧಕರು 2021ರಲ್ಲಿ ಒಂದು ಜೀನ್ಸ್ ಪ್ಯಾಂಟನ್ನು ಮುಂದಿಟ್ಟುಕೊಂಡು, ಅದನ್ನು ಹೇಗೆ ಬಳಸಿದರೆ ವಾತಾವರಣಕ್ಕೆ ಎಷ್ಟು ಹಾನಿ ಎಂದು ಹೋಲಿಸಿ ನೋಡಿದರು. ಬಾಡಿಗೆಗೆ ಪಡೆದು ಹಂಚಿಕೊಳ್ಳುವ ವಿಧಾನದಲ್ಲಿ ಅಂಗಡಿಗೆ ಮತ್ತೆ ಮತ್ತೆ ಓಡಾಡುವ ವಾಹನದ ಹೊಗೆ ಸೇರಿದರೆ, ಅದು ಉಳಿದೆಲ್ಲ ವಿಧಾನಗಳಿಗಿಂತ ಹೆಚ್ಚು ಹಾನಿಕರವಾಗಬಲ್ಲದು ಎಂದು ಅವರು ಕಂಡರು. ಎಲ್ಲಕ್ಕಿಂತ ಉತ್ತಮವೆಂದು ತೋರಿದ್ದು ಯಾವುದು ಗೊತ್ತೇ? ಇರುವ ಬಟ್ಟೆಯನ್ನೇ ಹೆಚ್ಚು ಕಾಲ ತೊಡುವುದು. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನಿಂದ ತಲೆದಿಂಬಿಗೆ, ದಿಂಬಿನಿಂದ ನೆಲ ಒರೆಸುವ ಬಟ್ಟೆಗೆ ಎಂಬ ಕ್ರಮ ಅವರ ಮನೆಯಲ್ಲಿ ತಾನಾಗಿಯೇ ನಡೆಯುತ್ತಿತ್ತು.

ಬಾಡಿಗೆಯ ಪರವಾಗಿಯೂ ಒಂದು ಬಲವಾದ ಮಾತಿದೆ. ಲೋಕದಲ್ಲಿ ಬಟ್ಟೆ ಅತಿಯಾಗಿದೆ. ಬ್ರಿಟನ್ನಿನ ಬರ್ಬೆರಿ ಎಂಬ ಶ್ರೀಮಂತ ಸಂಸ್ಥೆ ಮಾರಾಟವಾಗದ ತನ್ನ ಸರಕನ್ನು ಸುಟ್ಟುಹಾಕುತ್ತಿದ್ದ ವಿಷಯ 2018ರಲ್ಲಿ ಬಹಿರಂಗವಾದಾಗ ಜನ ಕೋಪಗೊಂಡರು. ಅದೇ ವರ್ಷ ಆ ಪದ್ಧತಿಯನ್ನು ನಿಲ್ಲಿಸುವುದಾಗಿ ಸಂಸ್ಥೆ ಪ್ರಕಟಿಸಿತು. ಬೆಂಕಿಗೆ ಹೋಗುವ ಅಂಗಿ ಹತ್ತು ಮಂದಿ ಪ್ರಯಾಣಿಕರ ಮೈಗೆ ಬಂದರೆ ಅದು ಖಂಡಿತ ಒಳ್ಳೆಯದೇ. ಆದುದರಿಂದ ಬಾಡಿಗೆ ಸರಿಯೋ ತಪ್ಪೋ ಎಂದು ಒಂದೇ ಏಟಿಗೆ ತೀರ್ಪು ಕೊಡಲಾಗದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಪ್ರಯಾಣದಲ್ಲಿ ಬಾಡಿಗೆ ಅಂಗಿ ತೊಟ್ಟವನ ಮನೆಯ ಕಪಾಟಿನಲ್ಲಿ ಎಷ್ಟು ಅಂಗಿಗಳಿವೆ? ಕಪಾಟು ತುಂಬಿ ತುಳುಕುತ್ತಿರುವಾಗಲೇ ಬಾಡಿಗೆಗೂ ತಂದರೆ ಆತ ತನ್ನ ಹೊರೆಯನ್ನು ಇಳಿಸಲಿಲ್ಲ. ಇನ್ನೊಂದನ್ನು ಸೇರಿಸಿಕೊಂಡ, ಅಷ್ಟೆ.

ಪ್ರಯಾಣಕ್ಕೆ ಎರಡು ಅಂಗಿ ಬೇಡ ಎಂಬ ಮಾತು ನಮಗೆ ಶುಭಸಂದೇಶದಿಂದ ಪರಿಚಿತವೇ. ಪ್ರಭು ಯೇಸು ತಮ್ಮ ಪ್ರೇಷಿತರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಬುತ್ತಿ, ಜೋಳಿಗೆ, ಹಣ ಯಾವುದನ್ನೂ ಒಯ್ಯಬೇಡಿ ಎಂದರು. ಊರುಗೋಲನ್ನು ಮಾರ್ಕನ ಶುಭಸಂದೇಶ ಒಪ್ಪುತ್ತದೆ, ಲೂಕನದು ಅದನ್ನೂ ಬೇಡವೆನ್ನುತ್ತದೆ. ಎರಡನೆಯ ಅಂಗಿ ಮಾತ್ರ ಎರಡರಲ್ಲಿಯೂ ಇಲ್ಲ. ಹಾಗಾದರೆ ಬರಿಗೈಯಲ್ಲಿ ವಿಮಾನ ಹತ್ತಿದವನು ಪ್ರೇಷಿತರ ಹಾದಿಯಲ್ಲಿದ್ದಾನೆಯೇ?

ಇಲ್ಲಿ ನಿಂತು ನೋಡಬೇಕು. ಪ್ರೇಷಿತರು ಬರಿಗೈಯಲ್ಲಿ ಹೋದದ್ದು ಹೊರಲಾರದೆ ಅಲ್ಲ. ಹೋದ ಊರಿನಲ್ಲಿ ಒಂದು ಮನೆಯ ಬಾಗಿಲು ತಟ್ಟಿ, ಆ ಮನೆಯವರು ಕೊಟ್ಟದ್ದನ್ನು ಉಂಡು, ಅವರಲ್ಲೇ ತಂಗಬೇಕಾಗಿತ್ತು. ಅವರ ಬರಿಗೈ ಇನ್ನೊಬ್ಬರ ಮುಂದೆ ಚಾಚಿದ ಕೈ. ಬಾಡಿಗೆದಾರನ ಬರಿಗೈಯ ಹಿಂದೆ ಹಣದ ಚೀಲವಿದೆ. ಆತ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಯಾರ ಋಣಕ್ಕೂ ಬೀಳಬೇಕಾಗಿಲ್ಲ. ಒಬ್ಬನು ಅತಿಥಿ, ಇನ್ನೊಬ್ಬನು ಗಿರಾಕಿ. ಹೊರಗಿನಿಂದ ನೋಡಲು ಇಬ್ಬರೂ ಹಗುರ, ಒಳಗಿನ ಹಗುರ ಬೇರೆ ಬೇರೆ.

ಗಿರಾಕಿಯಾಗುವುದು ಪಾಪವೆಂದು ಇದರ ಅರ್ಥವಲ್ಲ. ನಾವೆಲ್ಲರೂ ದಿನಕ್ಕೆ ಹತ್ತು ಬಾರಿ ಗಿರಾಕಿಗಳೇ. ಆದರೆ ಗಿರಾಕಿಗೆ ಒಂದು ಅಪಾಯವಿದೆ. ಹಣ ಕೊಟ್ಟೊಡನೆ ತನ್ನ ಪಾಲು ಮುಗಿಯಿತೆಂದು ಅವನು ತಿಳಿಯುತ್ತಾನೆ. ನಾವು ಹೊರದೆ ಬಿಟ್ಟ ಹೊರೆ ಮಾಯವಾಗುವುದಿಲ್ಲ, ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಕಲೆಯಾದ ಅಂಗಿಯನ್ನು ಉಜ್ಜುವವರು, ಬಿಸಿ ಆವಿಯ ಮುಂದೆ ನಿಂತು ಇಸ್ತ್ರಿ ಮಾಡುವವರು, ಮೂಟೆ ಹೊತ್ತು ಹೋಟೆಲಿನ ಹಿಂಬಾಗಿಲಿಗೆ ತರುವವರು ಇದ್ದೇ ಇದ್ದಾರೆ. ಅವರ ಮುಖ ನಮಗೆ ಕಾಣುವುದಿಲ್ಲ. ಹಿಂದೆ ಊರ ಮಡಿವಾಳರ ಹೆಸರು, ಅವರ ಮಕ್ಕಳ ಹೆಸರು ಮನೆಮಂದಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಅವರನ್ನು ಹೊಸಿಲಾಚೆ ನಿಲ್ಲಿಸಿದ ನಾಚಿಕೆಗೇಡಿನ ಕಾಲವೂ ಅದೇ. ಇಂದು ಹೊಸಿಲಿನ ತಡೆ ಇಲ್ಲ, ಆದರೆ ಹೆಸರೂ ಇಲ್ಲ. ಇವೆರಡರಲ್ಲಿ ಯಾವುದೂ ನೆರೆಯವನನ್ನು ಪ್ರೀತಿಸುವ ರೀತಿಯಲ್ಲ. ಅವರಿಗೆ ನ್ಯಾಯವಾದ ಕೂಲಿ ಸಿಗುತ್ತದೆಯೇ ಎಂದು ಕೇಳುವುದು ನಮ್ಮ ಕೆಲಸವಲ್ಲ ಎಂದು ಕೈ ತೊಳೆದುಕೊಳ್ಳಲಾಗದು.

ಇನ್ನೊಂದು ಸೂಕ್ಷ್ಮವಿದೆ. ಬಾಡಿಗೆಯ ವಸ್ತುವನ್ನು ದಾನ ಮಾಡಲಾಗುವುದಿಲ್ಲ. ನಾಲ್ಕನೆಯ ಶತಮಾನದ ಸಂತ ಮಾರ್ಟಿನರ ಕಥೆ ನಮಗೆಲ್ಲ ಗೊತ್ತು. ಸೈನಿಕನಾಗಿದ್ದಾಗ, ಚಳಿಗಾಲದಲ್ಲಿ ಆಮಿಯಾ ನಗರದ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು ತನ್ನ ಮೇಲಂಗಿಯನ್ನು ಖಡ್ಗದಿಂದ ಎರಡಾಗಿ ಸೀಳಿ ಅರ್ಧವನ್ನು ಅವನಿಗೆ ಹೊದಿಸಿದರು. ಆ ಮೇಲಂಗಿ ಬಾಡಿಗೆಯದಾಗಿದ್ದರೆ? ಸೀಳುವ ಮುನ್ನ ಒಡೆಯನ ನೆನಪಾಗುತ್ತಿತ್ತು. ನಮ್ಮದು ಎಂಬುದು ಸ್ವಲ್ಪವಾದರೂ ಇದ್ದಾಗಲೇ ಅದನ್ನು ಹಂಚಿಕೊಳ್ಳುವ ಸ್ವಾತಂತ್ರ್ಯವೂ ಇರುತ್ತದೆ. ಸ್ನಾನಿಕ ಯೊವಾನ್ನರು ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದಾಗ, ಅಂಗಿಯೇ ಇರಬಾರದು ಎನ್ನಲಿಲ್ಲ. ಎರಡನೆಯದು ಯಾರದು ಎಂದು ಕೇಳಿಕೊಳ್ಳಲು ಹೇಳಿದರು.

ಹಾಗೆಯೇ ಎಲ್ಲ ಪೆಟ್ಟಿಗೆಗಳೂ ದುರಾಸೆಯ ಪೆಟ್ಟಿಗೆಗಳಲ್ಲ. ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವ ಮಗನ ಪೆಟ್ಟಿಗೆಯನ್ನು ನೋಡಿ. ಅದರಲ್ಲಿ ಬಟ್ಟೆ ಸ್ವಲ್ಪವೇ. ಉಳಿದದ್ದು ಅಮ್ಮ ಹಾಕಿದ ಉಪ್ಪಿನಕಾಯಿ, ಹಪ್ಪಳ, ಮಸಾಲೆಪುಡಿ, ಅದೇ ಕೋಣೆಯಲ್ಲಿರುವ ಪಕ್ಕದ ಮನೆಯ ಹುಡುಗನಿಗೆಂದು ಕೊಟ್ಟ ಇನ್ನೊಂದು ಪೊಟ್ಟಣ. ಎರಡು ವರ್ಷಗಳ ಬಳಿಕ ಆತ ಮರಳಿ ಬರುವಾಗ ತಂಗಿಗೆ, ಅಜ್ಜನಿಗೆ, ನೆರೆಮನೆಯ ಮಗುವಿಗೆ ಎಂದು ಹೆಸರು ಬರೆದಂತೆ ತುಂಬಿಸಿ ತರುತ್ತಾನೆ. ತೂಕದ ಯಂತ್ರದ ಮುಂದೆ ಒಂದೊಂದು ಕಿಲೋಗೂ ಚಡಪಡಿಸುವ ಆ ಹೊರೆ ಪ್ರೀತಿಯ ಹೊರೆ. ಅದನ್ನು ಕೆಳಗಿಳಿಸು ಎಂದು ಹೇಳಲು ಯಾರಿಗೆ ಮನಸ್ಸು ಬಂದೀತು?

ಹಾಗಾದರೆ ನಮಗೆ ದಾರಿ ಯಾವುದು? ಪೆಟ್ಟಿಗೆ ತುಂಬಿಸುವುದು ಮತ್ತು ಬಾಡಿಗೆಗೆ ತರುವುದು, ಇವೆರಡರ ನಡುವೆ ಬಡ ಯಾತ್ರಿಕರು ಬಹು ಹಿಂದೆಯೇ ಕಂಡುಕೊಂಡ ಮೂರನೆಯ ದಾರಿಯೊಂದಿದೆ. ಎರಡು ಜೊತೆ ಬಟ್ಟೆ, ಒಂದು ತುಂಡು ಸಾಬೂನು. ರಾತ್ರಿ ಒಗೆದು ಹರವಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಅದರಲ್ಲಿ ನಮ್ಮ ಹೊರೆ ನಮ್ಮ ಕೈಯಲ್ಲೇ ಇರುತ್ತದೆ, ಹೊರಬಲ್ಲಷ್ಟೇ ಇರುತ್ತದೆ. ಇದಕ್ಕೆ ಅಡ್ಡಿಯಾಗುವುದು ಒಂದೇ: ನಿನ್ನೆಯ ಫೋಟೋದಲ್ಲಿದ್ದ ಅಂಗಿ ಇಂದಿನ ಫೋಟೋದಲ್ಲೂ ಇದ್ದರೆ ಜನ ಏನೆಂದಾರು ಎಂಬ ಭಯ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ನಾವು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ನಮ್ಮ ಪೆಟ್ಟಿಗೆಯ ತೂಕದಲ್ಲಿ ಚಳಿ ಮಳೆಗಳ ಪಾಲೆಷ್ಟು, ಪರರ ಕಣ್ಣಿನ ಪಾಲೆಷ್ಟು ಎಂದು ತೂಗಿ ನೋಡಿದವರಿಗೆ ಉತ್ತರ ಸಿಕ್ಕೀತು.

ಚಳಿಯ ನಾಡಿಗೆ ಒಂದು ವಾರ ಹೋಗುವವರು ಜೀವಮಾನದಲ್ಲಿ ಮತ್ತೆ ತೊಡದ ದಪ್ಪ ಕೋಟನ್ನು ಕೊಳ್ಳುವ ಬದಲು ಬಾಡಿಗೆಗೆ ಪಡೆಯಲಿ, ಅದು ವಿವೇಕ. ಒಂದು ದಿನದ ಮದುವೆಯ ಗೌನಿಗೆ ಸಾಲ ಮಾಡುವ ಬದಲು ಬಾಡಿಗೆಗೆ ತರಲಿ, ಅದು ಇನ್ನೂ ದೊಡ್ಡ ವಿವೇಕ. ಬಾಡಿಗೆಯದನ್ನು ಮುಂದೆ ತೊಡುವವನ ನೆನಪಿಟ್ಟುಕೊಂಡು ಜೋಪಾನವಾಗಿ ಬಳಸಲಿ. ನಮ್ಮದೆಂದು ನಾವು ಹೇಳಿಕೊಳ್ಳುವ ಎಲ್ಲವೂ ಕೊನೆಗೆ ಹಿಂತಿರುಗಿಸಬೇಕಾದದ್ದೇ ಅಲ್ಲವೇ?

ಮುಂದಿನ ರಜೆಯ ಪ್ರಯಾಣಕ್ಕೆ ಸಿದ್ಧವಾಗುವಾಗ ಒಂದು ಕೆಲಸ ಮಾಡೋಣ. ತುಂಬಿಸಿದ ಪೆಟ್ಟಿಗೆಯಿಂದ ಪ್ರತಿಯೊಬ್ಬರೂ ಎರಡೆರಡು ಬಟ್ಟೆಗಳನ್ನು ಹೊರಗೆ ತೆಗೆಯಲಿ. ತೆಗೆದದ್ದನ್ನು ಮತ್ತೆ ಕಪಾಟಿಗೆ ಹಾಕುವ ಮುನ್ನ, ಇದು ನಿಜವಾಗಿ ಯಾರದು ಎಂದು ಮಕ್ಕಳನ್ನೇ ಕೇಳೋಣ. ಅವರು ಕೊಡುವ ಉತ್ತರವನ್ನು ಒಪ್ಪಿಕೊಳ್ಳುವ ಧೈರ್ಯ ನಮಗಿರಲಿ.